ಬಾನೆಟ್ಟಿನ ಒಳಗಿನ ಬಣ್ಣ

ಮೇಷ್ಟ್ರ ಪದ್ಮಿನಿ ನಮ್ಮ ಶೆಡ್ಡಿಗೆ ಬಂದಾಗ ಅದರೊಳಗೆ ಇಂಜಿನ್ನೇ ಇರಲಿಲ್ಲ. ರಿಂಗು, ಪಿಸ್ಟನ್ನು ಎಂದು ಇನ್ನೊಂದು ಗ್ಯಾರೇಜಿನವರು ಅದನ್ನು ಇಳಿಸಿಟ್ಟುಕೊಂಡಿದ್ದರು. ಮುಂದೆ ಗೂಡ್ಸ್ ಆಟೊ, ನಡುವೆ ಹಗ್ಗ, ಹಿಂದೆ ಈ ಬಿಳಿ ಕಾರು. ಅದರ ಸ್ಟೀರಿಂಗ್ ಹಿಡಿದು ಎಪ್ಪತ್ತು ದಾಟಿದ ಮೇಷ್ಟ್ರು ಮೆರವಣಿಗೆಯಲ್ಲಿ ಕೂತವರಂತೆ ನೆಟ್ಟಗೆ ಕೂತಿದ್ದರು. ಇಳಿದವರೇ ಅಪ್ಪನಿಗೆ ಹೇಳಿದರು: "ನೋಡಪ್ಪ, ಇಂಜಿನ್ ಮತ್ತೆ ಕೂತರೆ ಒಳಗೆ ಕೈ ಹೋಗಲ್ಲ. ಈಗಲೇ ಬಣ್ಣ ಹೊಡೆದುಬಿಡು. ಹೊರಗೆ ಹೇಗೆ ಮಿಂಚುತ್ತೋ ಒಳಗೂ ಹಾಗೇ ಮಿಂಚಬೇಕು."

ಆ ಕಾರಿನ ಹೊರಮೈಗೆ 2009ರಲ್ಲಿ ಬಣ್ಣ ಹೊಡೆದದ್ದು ಅಪ್ಪನೇ. ಹದಿನೈದು ವರ್ಷದ ಮೇಲಾದರೂ ಬೆರಳಿನ ನೆರಳು ಕಾಣುವಷ್ಟು ಹೊಳಪು ಉಳಿದಿತ್ತು. ಅಪ್ಪ ಬಾನೆಟ್ ಎತ್ತಿ, ಮೊಬೈಲ್ ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದ. ಯಾರೋ ಯಾವುದೋ ಕಾಲದಲ್ಲಿ ಬ್ರಷ್‌ನಲ್ಲಿ ಬಳಿದ ಕಪ್ಪು ಬಣ್ಣ, ಅದರ ಮೇಲೆ ಎಣ್ಣೆ ಜಿಡ್ಡು, ಬ್ಯಾಟರಿ ಕೂರುವ ಕಡೆ ಹಕ್ಕಳೆ ಹಕ್ಕಳೆಯಾಗಿ ಎದ್ದ ತುಕ್ಕು. "ಮಾಡೋಣ ಸಾರ್. ಟೂ-ಕೆ ಹಾಕಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ನಾನೇ ಹೊಡೀತೀನಿ" ಅಂದ.

ಆ ಕೊನೆಯ ಮಾತು ಕೇಳಿ ನಾನು ಒಳಗಿನಿಂದ ಎದ್ದು ಬಂದೆ. ಅಪ್ಪ ಸ್ಪ್ರೇ ಗನ್ ಮುಟ್ಟಿ ಎರಡು ವರ್ಷವಾಗಿತ್ತು. ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು.

ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಟಿಂಕರಿಂಗ್-ಪೇಂಟಿಂಗ್ ಶೆಡ್ಡು. ಮುಂದೆ ಶೆಡ್ಡು, ಹಿಂದೆ ಮನೆ. ಈ ಊರಿಗೆ ಬಣ್ಣದ ನಂಟು ಹಳೆಯದು. ಮತ ಹಾಕಿದ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವ ಕಾರ್ಖಾನೆ ಇಲ್ಲಿಯದೇ. ಅದು 1937ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಅದೇ 1937ರಲ್ಲಿ ಜರ್ಮನಿಯಲ್ಲಿ ಆಟೊ ಬೇಯರ್ ಎಂಬ ರಸಾಯನಶಾಸ್ತ್ರಜ್ಞ ಪಾಲಿಯುರೆಥೇನ್ ಕಂಡುಹಿಡಿದ. ಅಪ್ಪ ಹೇಳುವ ಟೂ-ಕೆ ಬಣ್ಣದ ಮೂಲ ಅಲ್ಲಿದೆ. ನಾನು ಪಿಎಚ್‌.ಡಿ. ಮಾಡುತ್ತಿರುವುದೂ ಅದರ ಮೇಲೆಯೇ.

ಟೂ-ಕೆ ಅಂದರೆ ಎರಡು ಡಬ್ಬದ ಬಣ್ಣ. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಎರಡನ್ನೂ ಬೆರೆಸಿದ ಮೇಲೆ ಅದು ಬರೀ ಒಣಗುವುದಲ್ಲ, ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಪೆಟ್ರೋಲ್ ಬಿದ್ದರೂ ಜಗ್ಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಹಾಗೆ ಹೆಣೆಯುವ ಕೆಲಸ ಹಾರ್ಡನರ್‌ನಲ್ಲಿರುವ ಐಸೊಸಯನೇಟ್‌ನದು. ಭೋಪಾಲದಲ್ಲಿ 1984ರಲ್ಲಿ ಸೋರಿದ್ದು ಇದೇ ಕುಟುಂಬದ ಒಂದು ಅನಿಲ. ಬಣ್ಣದಲ್ಲಿರುವುದು ಅಷ್ಟು ಉಗ್ರವಲ್ಲ, ಆದರೆ ಗನ್ನಿನಿಂದ ಮಂಜಾಗಿ ಹೊರಟಾಗ ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ತಿನ್ನರ್ ಥರ ಮೂಗಿಗೆ ಹೊಡೆಯುವುದಿಲ್ಲ. ಹಾಗಾಗಿ ಅದು ಇದೆಯೆಂದು ಗೊತ್ತಾಗುವುದೇ ಇಲ್ಲ. ಕೆಲವರ ಮೈ ಒಂದು ದಿನ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡುಬಿಡುತ್ತದೆ. ಆಮೇಲೆ ಎಳ್ಳಷ್ಟು ಸಾಕು, ಉಬ್ಬಸ ಶುರುವಾಗುತ್ತದೆ. ಒಮ್ಮೆ ಹಾಗಾದವರು ಮತ್ತೆ ಅದರ ಹತ್ತಿರ ಹೋಗುವಂತಿಲ್ಲ.

ನಮ್ಮ ಶೆಡ್ಡಿಗೆ ಟೂ-ಕೆ ಬಂದಾಗ ನಾನು ಐದನೇ ಕ್ಲಾಸು. ಅಪ್ಪ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುತ್ತಿದ್ದ. ಧೂಳಿಗೆ ಕರವಸ್ತ್ರ ಸಾಕು, ಇದಕ್ಕೆ ಅದು ಇದ್ದೂ ಇಲ್ಲದ ಹಾಗೆ. ಕೆಮ್ಮು ಯಾವಾಗ ಶುರುವಾಯಿತೋ ನೆನಪಿಲ್ಲ. ಅದು ಶೆಡ್ಡಿನಲ್ಲಿ ಬರುತ್ತಿರಲಿಲ್ಲ. ರಾತ್ರಿ ಊಟ ಮುಗಿಸಿ ಮಲಗಿದ ಮೇಲೆ ಬರುತ್ತಿತ್ತು. ಅಮ್ಮ ಮೊಸರಿನ ಮೇಲೆ ಅನುಮಾನಪಟ್ಟಳು, ಫ್ಯಾನಿನ ಮೇಲೆ ಪಟ್ಟಳು, ಬಿಟ್ಟು ಹತ್ತು ವರ್ಷವಾದ ಬೀಡಿಯ ಮೇಲೂ ಪಟ್ಟಳು. ಬಣ್ಣದ ಮೇಲೆ ಯಾರೂ ಪಡಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಅಪ್ಪ ಗಡದ್ದಾಗಿ ನಿದ್ದೆ ಮಾಡುತ್ತಿದ್ದ. "ಊರ ಗಾಳಿ ಕಣಮ್ಮ" ಅನ್ನುತ್ತಿದ್ದ.

ಕೊನೆಗೆ ಒಬ್ಬ ಡಾಕ್ಟರು ಕೇಳಿದ ಪ್ರಶ್ನೆ ಸರಳವಾಗಿತ್ತು: "ಭಾನುವಾರ ರಾತ್ರಿ ಹೇಗಿರುತ್ತೆ?" ಅಪ್ಪ ಯೋಚಿಸಿ, "ಭಾನುವಾರ ಕಮ್ಮಿ ಸಾರ್" ಅಂದ. "ಏನು ಕೆಲಸ ನಿಮ್ಮದು?" ಎಂಬುದು ಅವರ ಎರಡನೇ ಪ್ರಶ್ನೆ.

ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಐಸೊಸಯನೇಟ್ ಬಳಸದೆ, ಸೋಯಾ ಎಣ್ಣೆಯಿಂದ ಪಾಲಿಯುರೆಥೇನ್ ಲೇಪನ ಮಾಡುವುದು ನನ್ನ ಸಂಶೋಧನೆಯ ವಿಷಯ. ವಿಷಯ ಕೊಟ್ಟವರು ಗೈಡು. ನಾನು ಒಪ್ಪಿದ್ದು ಫೆಲೋಶಿಪ್ ಸಿಗುತ್ತದೆಂದು. ಸಿನಾಪ್ಸಿಸ್‌ನ ಮೊದಲ ಪುಟದಲ್ಲೇ, ಸ್ಪ್ರೇ ಕೆಲಸಗಾರರಲ್ಲಿ ಐಸೊಸಯನೇಟ್ ಉಬ್ಬಸಕ್ಕೆ ಕಾರಣವಾಗುತ್ತದೆ ಎಂದು ಬರೆದಿದ್ದೆ. ಅದನ್ನು ಬರೆದ ರಾತ್ರಿ ಗೋಡೆಯಾಚೆ ಅಪ್ಪ ಕೆಮ್ಮುತ್ತಿದ್ದ. ಅಮ್ಮ ಎದ್ದು ಬಿಸಿನೀರು ಕಾಯಿಸಿದ ಸದ್ದು ಕೇಳಿತ್ತು. ನಾನು ಆ ವಾಕ್ಯದ ಕೊನೆಗೆ ಆಕರದ ಸಂಖ್ಯೆ ಹಾಕಿ ಮುಂದಿನ ಪ್ಯಾರಾಕ್ಕೆ ಹೋಗಿದ್ದೆ. ಓದಿದ್ದಕ್ಕೂ ಕೇಳಿದ್ದಕ್ಕೂ ಸಂಬಂಧ ಕಟ್ಟಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಅದೂ ಬೇರೆಯವರು ಕಟ್ಟಿಕೊಟ್ಟಾಗ.

ಹೀಗಿರುವಾಗ ಅಪ್ಪ "ನಾನೇ ಹೊಡೀತೀನಿ" ಅಂದರೆ ಸುಮ್ಮನಿರಲು ಆಗಲಿಲ್ಲ. ಆದರೆ ಗಿರಾಕಿಯ ಎದುರು ಅವನ ಮಾತು ತೆಗೆದುಹಾಕಲೂ ಆಗಲಿಲ್ಲ. ಮೇಷ್ಟ್ರು ಬರೀ ಗಿರಾಕಿಯಲ್ಲ. ಹೈಸ್ಕೂಲಿನಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದವರು. ನಾನು ಸಮಯ ಕೊಂಡುಕೊಳ್ಳಲು ಒಂದು ಉಪಾಯ ಮಾಡಿದೆ. "ಮೊದಲು ಕೆರೆದು ನೋಡೋಣಪ್ಪ, ಕೆಳಗೆ ಏನಿದೆ ಅಂತ. ಆಮೇಲೆ ಬಣ್ಣ ಆರಿಸೋಣ." ಅದು ಅಪ್ಪನಿಗೂ ಒಪ್ಪಿಗೆಯಾಯಿತು. ಕೆಳಗಿನದು ತಿಳಿಯದೆ ಮೇಲಿನದು ಹಾಕಬಾರದು ಎಂಬುದು ಅವನದೇ ಪಾಠ.

ಎರಡು ದಿನ ಸೀಮೆಎಣ್ಣೆ, ಸೋಪಿನ ನೀರು, ಬನಿಯನ್ ವೇಸ್ಟು. ಜಿಡ್ಡು ಹೋದ ಮೇಲೆ ತಿನ್ನರ್‌ನಲ್ಲಿ ಇನ್ನೊಮ್ಮೆ ಒರೆಸಬೇಕು, ಸೀಮೆಎಣ್ಣೆಯ ಪಸೆ ಉಳಿದರೂ ಬಣ್ಣ ಹಿಡಿಯುವುದಿಲ್ಲ. ತಿನ್ನರ್ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಹಳೆಯ ಬಣ್ಣದ ಜಾತಕ ಗೊತ್ತಾಗುತ್ತದೆ. ಎನ್‌ಸಿ ಆದರೆ ಕರಗಿ ಬಟ್ಟೆಗೆ ಹತ್ತುತ್ತದೆ, ಸಿಂಥೆಟಿಕ್ ಎನಾಮಲ್ ಆದರೆ ಸುಕ್ಕಾಗಿ ಏಳುತ್ತದೆ, ಸರಿಯಾಗಿ ಕೂತ ಟೂ-ಕೆ ಆದರೆ ಏನೂ ಆಗುವುದಿಲ್ಲ. ಮೇಷ್ಟ್ರ ಕಾರಿನ ಕಪ್ಪು ಸುಕ್ಕಾಗಿ ಎದ್ದಿತು. ಅದರ ಕೆಳಗೆ, ಬ್ಯಾಟರಿಯ ಹಿಂದಿನ ಮೂಲೆಯಲ್ಲಿ, ಅಂಗೈಯಗಲ ಜಾಗದಲ್ಲಿ ಹಳೆಯ ಬಿಳುಪು ಕಂಡಿತು. ಹೊರಗಿನ ಈಗಿನ ಬಿಳಿಯಲ್ಲ, ಕಾಯಿಸಿದ ಹಾಲಿನ ಕೆನೆಯ ಬಣ್ಣ. ಬಟ್ಟೆಗೆ ಹತ್ತಿಕೊಂಡಿತು. ಎನ್‌ಸಿ.

ಎನ್‌ಸಿ ಅಂದರೆ ನೈಟ್ರೊಸೆಲ್ಯುಲೋಸ್ ಲ್ಯಾಕರ್. ನಮ್ಮ ಕಡೆ ಹಳಬರು ಇವತ್ತಿಗೂ ಅದನ್ನು ಡ್ಯೂಕೊ ಅನ್ನುತ್ತಾರೆ, ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆಂದು ತಂದ ಬಣ್ಣದ ಹೆಸರು ಅದು. ಲ್ಯಾಕರ್ ಎಂಬ ಇಂಗ್ಲಿಷ್ ಪದದ ಬೇರು ನಮ್ಮ ಲಾಕ್ಷಾ, ಅಂದರೆ ಅರಗಿನಲ್ಲಿದೆ. ಅಪ್ಪ ಕೆಲಸ ಕಲಿತದ್ದು ಅದರಲ್ಲೇ. ಅದು ಟೂ-ಕೆಯಂತೆ ಹೆಣೆದುಕೊಳ್ಳುವುದಿಲ್ಲ, ತಿನ್ನರ್ ಹಾರಿಹೋದ ಮೇಲೆ ಉಳಿಯುವುದಷ್ಟೇ. ಆದ್ದರಿಂದ ಮತ್ತೆ ತಿನ್ನರ್ ತಾಗಿದರೆ ಮತ್ತೆ ಕರಗುತ್ತದೆ.

"ಎನ್‌ಸಿನೇ ಹಾಕೋಣಪ್ಪ" ಅಂದೆ.

"ಪೆಟ್ರೋಲ್ ಬಿದ್ದರೆ ಮೆತ್ತಗಾಗುತ್ತೆ. ಬ್ರೇಕ್ ಆಯಿಲ್ ಬಿದ್ದರೆ ಎದ್ದೇ ಬರುತ್ತೆ. ಬಾನೆಟ್ ಒಳಗೆ ಅವೆರಡೂ ಬೀಳದೆ ಇರುತ್ತಾ?" ಎಂದು ಅಪ್ಪ ಕೇಳಿದ. ಕೇಳಿದ್ದು ಸರಿಯಾಗಿತ್ತು. ಬಾನೆಟ್ ಒಳಗಿನಷ್ಟು ಕಷ್ಟದ ಜಾಗ ಕಾರಿನಲ್ಲಿ ಬೇರೊಂದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾಯುತ್ತದೆ. ಬ್ಯಾಟರಿಯ ಆಸಿಡ್ ಜಿನುಗುತ್ತದೆ. ಕೆಳಗಿನಿಂದ ಮಳೆನೀರು, ಕಲ್ಲು. ಮೇಲೆ ಎಣ್ಣೆ. ಬ್ರೇಕ್ ಆಯಿಲ್ ಅಂತೂ ಹೆಸರಿಗೆ ಎಣ್ಣೆ, ಗ್ಲೈಕಾಲ್ ಜಾತಿಯದು, ಬಣ್ಣ ತೆಗೆಯುವ ದ್ರಾವಣದಷ್ಟೇ ಕೆಲಸ ಮಾಡುತ್ತದೆ. ಗಟ್ಟಿತನ ಒಂದನ್ನೇ ನೋಡಿದರೆ ಅಪ್ಪನ ಆಯ್ಕೆಯೇ ಆಯ್ಕೆ.

ನನ್ನ ಹತ್ತಿರ ಮೂರನೆಯದೊಂದು ಉತ್ತರ ಇರಬೇಕಿತ್ತು, ಐದು ವರ್ಷದಿಂದ ನಾನು ಮಾಡುತ್ತಿದ್ದ ಲೇಪನ. ಟೂ-ಕೆಯಷ್ಟು ಗಟ್ಟಿ, ಆದರೆ ಆ ವಿಷವಿಲ್ಲದ್ದು. ಒಂದು ಸಂಜೆ ಲ್ಯಾಬಿನಲ್ಲಿ ನನ್ನ ತಗಡಿನ ತುಂಡುಗಳ ಮೇಲೆ ಒಂದೊಂದು ಹನಿ ಬ್ರೇಕ್ ಆಯಿಲ್ ಬಿಟ್ಟೆ. ಬೆಳಗ್ಗೆ ಬಂದು ನೋಡಿದರೆ ಹನಿ ಬಿದ್ದಲ್ಲೆಲ್ಲ ಮುದುಕರ ಚರ್ಮದಂತೆ ಸುಕ್ಕು. ಬ್ಲೇಡಿನಲ್ಲಿ ಚೌಕುಳಿ ಗೀರಿ ಟೇಪ್ ಅಂಟಿಸಿ ಎಳೆದರೆ ಚೌಕುಳಿಗಳು ಟೇಪಿಗೇ ಬಂದವು. ಫೆಲೋಶಿಪ್‌ನ ಐದು ವರ್ಷ ಮುಗಿದ ತಿಂಗಳದು. ಗೈಡಿಗೆ ಹೇಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ತಗಡು ಇಸಕೊಂಡು, ಸುಕ್ಕಿನ ಮೇಲೆ ಉಗುರಾಡಿಸಿ, "ತಗಡು ಸರಿಯಾಗಿ ಉಜ್ಜಿದ್ಯಾ?" ಅಂದ. ಉಜ್ಜಿರಲಿಲ್ಲ. ಅಸಿಟೋನಿನಲ್ಲಿ ಒರೆಸಿದ್ದೆ, ಅಷ್ಟೇ.

ಮರುದಿನ ಮೇಷ್ಟ್ರ ಮನೆಗೆ ಒಬ್ಬಳೇ ಹೋದೆ. ಅವರು ಕಾಫಿ ಕೊಡಿಸಿ, "ಟೂ-ಕೆ ಬೇಡ ಅಂತೀಯಾ? ಕಾರಣ ಹೇಳು" ಅಂದರು, ಕ್ಲಾಸಿನಲ್ಲಿ ಕೇಳುತ್ತಿದ್ದ ಧ್ವನಿಯಲ್ಲೇ. ನಾನು ಹಾರ್ಡನರ್, ಐಸೊಸಯನೇಟ್, ಹೆಣಿಗೆ ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು. ಅಪ್ಪನ ಹೆಸರು ಎತ್ತದೆ ಮುಗಿಸಬೇಕೆಂದಿದ್ದೆ. ಅವರೇ ಕೇಳಿದರು: "ನಿಮ್ಮಪ್ಪ ನನ್ನ ಕಾರಿಗೆ ಹೊಡೆದದ್ದು ಇದೇ ಅಲ್ವಾ? ಆವತ್ತು ನಾನು ಪಕ್ಕದಲ್ಲೇ ನಿಂತಿದ್ದೆ. ಕರ್ಚೀಫ್ ಕಟ್ಕೊಂಡಿದ್ದ." ನಾನು ಹೌದೆಂದೆ. ಅವರು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕೂತರು. "ನಾನು ಕೆಮಿಸ್ಟ್ರಿ ಮೇಷ್ಟ್ರು ಕಣಮ್ಮ" ಅಂದರು. ಆಮೇಲೆ, "ಒಳಗೆ ಮಿಂಚಬೇಕು ಅಂದದ್ದು ನನ್ನ ಶೋಕಿ. ಮಿಂಚದೆ ಇದ್ದರೂ ಓಡುತ್ತೆ. ಏನು ಹಾಕಬೇಕು ಅಂತ ನೀವಿಬ್ಬರೇ ಕೂತು ಮಾತಾಡಿ."

ಕೂತು ಮಾತಾಡಿದೆವು. ಗಂಟೆಗಟ್ಟಲೆ ಹೀಗೆ ಅಪ್ಪನ ಜೊತೆ ಮಾತಾಡಿದ್ದು ನೆನಪಿಲ್ಲ. ಅವನು ಸೀಮೆಸುಣ್ಣದಲ್ಲಿ ಶೆಡ್ಡಿನ ನೆಲದ ಮೇಲೆ ಬಾನೆಟ್ ಒಳಗಿನ ನಕ್ಷೆ ಬರೆದ. ಇಡೀ ಜಾಗಕ್ಕೆ ಒಂದೇ ಬಣ್ಣ ಯಾಕೆ ಇರಬೇಕು, ಒಂದೊಂದು ಕಡೆಗೆ ಒಂದೊಂದು ಕಷ್ಟ ಇರುವಾಗ? ಬಿಚ್ಚಿಬರುವ ಭಾಗಗಳು, ಅಂದರೆ ಬ್ಯಾಟರಿ ಟ್ರೇ, ಏರ್ ಕ್ಲೀನರ್ ಡಬ್ಬ, ಬ್ರಾಕೆಟ್‌ಗಳು, ಇವನ್ನು ಹೂಟಗಳ್ಳಿ ಕಡೆ ಪೌಡರ್ ಕೋಟಿಂಗ್‌ಗೆ ಕೊಡುವುದು. ಒಣಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ ಇನ್ನೂರು ಡಿಗ್ರಿಯ ಹತ್ತಿರ ಬೇಯಿಸಿದರೆ ಗಟ್ಟಿಯಾಗಿ ಕೂರುತ್ತದೆ, ತಿನ್ನರ್‌ನ ಗೊಡವೆಯಿಲ್ಲ. ಬೋಲ್ಟುಗಳಿಗೆ ಬಣ್ಣವೇ ಬೇಡ, ಜಿಂಕ್ ಪ್ಲೇಟಿಂಗ್. ಬಣ್ಣ ಬಳಿದ ಬೋಲ್ಟು ಸ್ಪ್ಯಾನರ್ ತಾಗಿದ ದಿನವೇ ಸಿಪ್ಪೆ ಬಿಡುತ್ತದೆ. ಮ್ಯಾನಿಫೋಲ್ಡಿಗೆ ಸಿಲಿಕೋನ್ ಇರುವ ಅಲ್ಯೂಮಿನಿಯಂ ಬಣ್ಣ. ಅದು ಹಚ್ಚಿದ ಕೂಡಲೇ ಅಲ್ಲ, ಇಂಜಿನ್ ಸ್ವಲ್ಪ ಸ್ವಲ್ಪವೇ ಕಾದು ಆರಿ ಕಾದು ಆರಿದ ಮೇಲೆ ಗಟ್ಟಿಯಾಗುವಂಥದ್ದು. ರೇಡಿಯೇಟರಿಗೆ ತೆಳುವಾಗಿ ಒಂದೇ ಕೋಟ್ ಮ್ಯಾಟ್ ಕಪ್ಪು, ದಪ್ಪ ಹಾಕಿದರೆ ಅದು ಬಿಸಿ ಬಿಡುವುದಿಲ್ಲ.

ಉಳಿದದ್ದು ಗಾಡಿಯ ಮೈ. ಅದಕ್ಕೆ ಬರಿ ತಗಡು ಬರುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರನ್ನು ಗನ್ನಿಲ್ಲದೆ ಬ್ರಷ್‌ನಲ್ಲಿ, ಗ್ಲೌಸ್ ಹಾಕಿಕೊಂಡು ಹಚ್ಚುವುದು. ಬ್ಯಾಟರಿ ಮತ್ತು ಬ್ರೇಕ್ ಆಯಿಲ್ ಡಬ್ಬದ ಕೆಳಗೆ ಎರಡು ಕೋಟ್. ತುಕ್ಕು ತಡೆಯುವ ಕೆಲಸ ಅದರದು. ಅದರ ಮೇಲೆ ಕೆನೆಬಿಳಿ ಎನ್‌ಸಿ. ಬ್ರೇಕ್ ಆಯಿಲ್ ಚೆಲ್ಲಿದರೆ ಒರೆಸುವ ಮೊದಲು ನೀರು ಸುರಿಯಬೇಕೆಂದು ಮೇಷ್ಟ್ರಿಗೆ ಹೇಳುವುದು. ನೀರಿನಲ್ಲಿ ಅದು ಬೆರೆತು ಹೋಗುತ್ತದೆ. ಹಾಗೂ ಒಂದು ಕಡೆ ಬಣ್ಣ ಎದ್ದರೆ, ಅಷ್ಟು ಜಾಗಕ್ಕೆ ಮಾತ್ರ ಹೊಸದು ಹೊಡೆದರಾಯಿತು, ಹಳೆಯದು ಕರಗಿ ಹೊಸದರ ಜೊತೆ ಕೂಡಿಕೊಳ್ಳುತ್ತದೆ. ಟೂ-ಕೆಯಲ್ಲಿ ಈ ಸೌಕರ್ಯವಿಲ್ಲ.

ಅಪ್ಪ ನಕ್ಷೆಯ ಮೇಲೆ ಎರಡು ಕಡೆ ಗುಣಾಕಾರದ ಗುರುತು ಹಾಕಿದ. "ಇಲ್ಲಿ ಏನೂ ಹೊಡೀಬಾರದು." ಒಂದು, ಬ್ಯಾಟರಿಯ ಅರ್ತ್ ವೈರ್ ಬಾಡಿಗೆ ಬೋಲ್ಟ್ ಆಗುವ ಜಾಗ. ಅಲ್ಲಿ ಬಣ್ಣ ಬಂದರೆ ಕರೆಂಟು ಹರಿಯದೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಇನ್ನೊಂದು, ನಂಬರ್ ಪ್ಲೇಟ್ ಅಲ್ಲ, ಚಾಸಿಸ್ ನಂಬರ್ ಇರುವ ತಗಡು. "ಅದು ಮುಚ್ಚಿಹೋದ್ರೆ ಗಾಡಿ ಯಾರದು ಅಂತ ಆರ್‌ಟಿಓ ಹೇಗೆ ನಂಬ್ತಾನೆ?"

ಕೊನೆಗೆ ಉಳಿದ ಪ್ರಶ್ನೆ ಗನ್ ಹಿಡಿಯುವವರು ಯಾರು ಎಂಬುದು. ಎನ್‌ಸಿಯಲ್ಲಿ ಐಸೊಸಯನೇಟ್ ಇಲ್ಲ ನಿಜ, ಆದರೆ ತಿನ್ನರ್‌ನ ಆವಿ ಕೆಟ್ಟ ಶ್ವಾಸಕೋಶಕ್ಕೆ ಒಳ್ಳೆಯದೇನಲ್ಲ. "ನಾನು ಹೊಡೀತೀನಿ" ಅಂದೆ. ಅಪ್ಪ ನಕ್ಕ. ಈ ಶೆಡ್ಡಿನಲ್ಲಿ ಹುಟ್ಟಿ ಬೆಳೆದ ನನಗೆ ವಾಟರ್ ಪೇಪರ್ ಉಜ್ಜಲು ಕೊಟ್ಟಿದ್ದ, ಪೇಪರ್ ಅಂಟಿಸಲು ಕೊಟ್ಟಿದ್ದ. ಗನ್ ಮಾತ್ರ ಯಾವತ್ತೂ ಕೊಟ್ಟಿರಲಿಲ್ಲ. ಓದೋ ಹುಡುಗಿ, ಹೊಗೆ ಬೇಡ ಅನ್ನುತ್ತಿದ್ದ. ಆ ಹೊಗೆಯೊಳಗೆ ತಾನೇ ನಿಂತಿರುತ್ತಿದ್ದ.

ಮಳೆ ಇದ್ದರೆ ಎನ್‌ಸಿ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ. ಒಣಹವೆಗೆ ಹತ್ತು ದಿನ ಕಾದೆವು. ಬಣ್ಣ ಕೂಡಿಸಿದ್ದು ಅಪ್ಪ, ಕಣ್ಣಳತೆಯಲ್ಲಿ. ಬಿಳಿಗೆ ಹಳದಿ ಮೂರು ತೊಟ್ಟು, ಕಪ್ಪು ಕಡ್ಡಿಯ ತುದಿಯಲ್ಲಿ ಅದ್ದಿದಷ್ಟು. ಬ್ಯಾಟರಿ ಹಿಂದಿನ ಆ ಅಂಗೈಯಗಲ ಜಾಗವನ್ನು ಉಜ್ಜದೆ ಉಳಿಸಿಕೊಂಡಿದ್ದೆವು, ಹೋಲಿಸಿ ನೋಡಲು. ನಾನು ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಂಡೆ. ಶೆಡ್ಡಿನ ಎರಡೂ ಬಾಗಿಲು ತೆರೆದೆವು. ಅಪ್ಪ ರಸ್ತೆಯಾಚೆ ಹೊಂಗೆಮರದ ಕೆಳಗೆ ಗಾಳಿಗೆ ಎದುರಾಗಿ ಕುರ್ಚಿ ಹಾಕಿ ಕೂತ. ಅಲ್ಲಿಂದ ಅವನಿಗೆ ಬಣ್ಣ ಕಾಣುತ್ತಿರಲಿಲ್ಲ. ಗನ್ನಿನ ಸದ್ದು ಕೇಳುತ್ತಿತ್ತು, ಅಷ್ಟೇ.

"ಕೈ ನಿಲ್ಲಿಸ್ಬೇಡ ಮಗ!" ಎಂದು ಆಚೆಯಿಂದ ಕೂಗಿದ. "ತೆಳ್ಳಗೆ, ತೆಳ್ಳಗೆ. ಒಂದೇ ಸಲ ಮುಚ್ಚೋಕೆ ಹೋಗ್ಬೇಡ." ಒಂದು ಕೋಟ್, ಕಾಲು ಗಂಟೆ, ಇನ್ನೊಂದು ಕೋಟ್. ನಾಲ್ಕನೆಯದರಲ್ಲಿ ಬಲಮೂಲೆಯಲ್ಲಿ ಕೈ ನಿಂತಿತು. ಬಣ್ಣ ಕಣ್ಣೀರಿನಂತೆ ಇಳಿಯಿತು. "ಸೋರ್ತಾ?" ಎಂದು ಕೂಗಿದ. ಸದ್ದಿನಲ್ಲೇ ತಿಳಿದಿತ್ತು. ಆವಿ ಹೋದ ಮೇಲೆ ಸಂಜೆ ಬಂದು ಅದರ ಮೇಲೆ ಬೆರಳಾಡಿಸಿದ. "ನಾಳೆ ವಾಟರ್ ಪೇಪರ್ ಹಾಕಿ ಒಂದು ಕೈ ಹೊಡಿ, ಕೂಡ್ಕೊಳ್ಳುತ್ತೆ. ಎನ್‌ಸಿ ಅಲ್ವಾ." ಮೂಲೆಗಳಲ್ಲಿ ಪಾಲಿಶ್ ಮಾಡಲು ಕೈ ಹೋಗುವುದಿಲ್ಲವಾದ್ದರಿಂದ ಒಳಗೆ ಕನ್ನಡಿಯಂಥ ಹೊಳಪು ಬರಲಿಲ್ಲ. ಒರೆಸಿದ ಊಟದ ತಟ್ಟೆಯಷ್ಟು ಹೊಳಪು. ಆ ಉಳಿಸಿಕೊಂಡಿದ್ದ ಜಾಗದಲ್ಲಿದ್ದದ್ದೂ ಅಷ್ಟೇ.

ಎಲ್ಲ ಮುಗಿದ ಮೇಲೆ ಹಾರ್ನ್ ಕೂರಿಸುವ ಬ್ರಾಕೆಟ್ ಒಂದು ಉಳಿದಿತ್ತು. ಪೌಡರ್ ಕೋಟಿಂಗ್‌ಗೆ ಕೊಡುವಾಗ ಮರೆತದ್ದು ಅಂದುಕೊಂಡೆ. ಮರೆತದ್ದಲ್ಲ. ಅಪ್ಪ ಅದನ್ನು ಎಮರಿಯಲ್ಲಿ ಬೆಳ್ಳಗೆ ಉಜ್ಜಿ, ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿನ ಪಕ್ಕ ಇಟ್ಟಿದ್ದ. "ಇದಕ್ಕೆ ನಿಂದು ಹಾಕು. ಇಲ್ಲಿ ಬ್ರೇಕ್ ಆಯಿಲ್ ಬೀಳಲ್ಲ, ಬಿಸಿನೂ ಇಲ್ಲ. ಮೇಷ್ಟ್ರನ್ನ ಕೇಳಿದೀನಿ." ಲ್ಯಾಬಿಗೆ ಒಯ್ದು ಹಚ್ಚಿ, ಓವನ್‌ನಲ್ಲಿಟ್ಟು ತಂದೆ. ಉಜ್ಜಿದ ತಗಡಿನ ಮೇಲೆ ಅದು ನನ್ನ ತುಂಡುಗಳಿಗಿಂತ ಚೆನ್ನಾಗಿ ಹಿಡಿದಿತ್ತು. ಅದೊಂದು ವಾರ ಹೊಸ ತುಂಡುಗಳನ್ನೆಲ್ಲ ಉಜ್ಜಿಯೇ ಲೇಪಿಸಿದೆ. ಟೇಪಿಗೆ ಬರುವ ಚೌಕುಳಿಗಳು ಕಡಿಮೆಯಾದವು. ಬ್ರೇಕ್ ಆಯಿಲ್‌ಗೆ ಸುಕ್ಕಾಗುವುದು ಹಾಗೇ ಇದೆ.

ಇದೆಲ್ಲ ಆಗಿ ಏಳು ತಿಂಗಳು. ಅಪ್ಪ ರಾತ್ರಿ ಇನ್ನೂ ಕೆಮ್ಮುತ್ತಾನೆ, ಚಳಿಗಾಲದಲ್ಲಿ ಜಾಸ್ತಿ. ಇನ್‌ಹೇಲರ್ ಇದೆ. ಟೂ-ಕೆ ಕೆಲಸ ಬಂದರೆ ಸರಿಯಾದ ಬೂತ್ ಇರುವ ಕಡೆಗೆ ಕಳಿಸುತ್ತೇವೆ. ಆದಾಯ ಕಡಿಮೆಯಾಗಿದೆ, ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಥೀಸಿಸ್‌ನ ಮೊದಲ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಆ ಒಂದು ವಾಕ್ಯ ಅಲ್ಲಿ ಹಾಗೇ ಇದೆ, ಅದೇ ಆಕರ ಸಂಖ್ಯೆಯ ಜೊತೆ. ಅದನ್ನು ಬೇರೆ ಥರ ಬರೆಯುವುದು ಹೇಗೆಂದು ನನಗೆ ಗೊತ್ತಾಗಿಲ್ಲ.

ಮೇಷ್ಟ್ರು ತಿಂಗಳಿಗೊಮ್ಮೆ ಕಾರು ತರುತ್ತಾರೆ, ಬೇಕಂತಲೇ. ಬಾನೆಟ್ ಎತ್ತಿ, "ನೋಡಮ್ಮ ನಿನ್ನ ಬ್ರಾಕೆಟ್ಟು" ಅನ್ನುತ್ತಾರೆ. ಕಳೆದ ವಾರ ಬಂದಾಗ ಬೋಲ್ಟ್ ತೂತಿನ ಅಂಚಿನಲ್ಲಿ ಸಾಸಿವೆಯಷ್ಟು ತುಕ್ಕು ಕಂಡಿತು. ಫೋಟೊ ತೆಗೆದು, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಪ್ಪನೂ ಬಗ್ಗಿ ನೋಡಿ, "ಅಂಚು ಉಜ್ಜಿರಲಿಲ್ಲ ನಾನು" ಅಂದ.